470 ಮೈಕ್ರೋಫ್ಯಾರಡ್ ಕೆಪಾಸಿಟರ್ ಖಾಲಿಯಾಗಲು ಒಂದು ನಿಮಿಷ ಸಾಕಾ?

ಎಸ್‌ಎಂಪಿಎಸ್ ಅನ್ನುವ ಪವರ್ ಸಪ್ಲೈನಲ್ಲಿ ಚಾರ್ಜ್ ತುಂಬಿಟ್ಟುಕೊಳ್ಳುವ 470 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದಕ್ಕೆ ಅಡ್ಡಲಾಗಿ ಆ ಚಾರ್ಜನ್ನು ಇಳಿಸುವ 100 ಕಿಲೋ ಓಮ್ ರೆಸಿಸ್ಟರ್, ಅಂದರೆ ಬ್ಲೀಡರ್, ಎರಡನ್ನೂ ಗುಣಿಸಿದರೆ 47 ಸೆಕೆಂಡ್, ಹಾಗಾಗಿ ಪ್ಲಗ್ ಕಿತ್ತು ಒಂದು ನಿಮಿಷ ಕಾದರೆ ಸಾಕಲ್ವಾ ಅಂತ ಕೇಳಿದ್ದೀರಿ. ಸಾಲದು. ಇದೇ 470, ಇದೇ 100 ಕಿಲೋ ಓಮ್ ನನ್ನ ಅಂಗೈಗೆ ಹೊಲಿಗೆ ಹಾಕಿಸಿವೆ.

ಮೊದಲು ಲೆಕ್ಕ ಮುಗಿಸಿಬಿಡುತ್ತೇನೆ. ನಮ್ಮ 230 ವೋಲ್ಟ್ ಕರೆಂಟನ್ನು ಡಯೋಡ್ ಬ್ರಿಜ್ ದಾಟಿಸಿದರೆ ಕೆಪಾಸಿಟರ್‌ನಲ್ಲಿ ನಿಲ್ಲುವುದು ಸುಮಾರು 325 ವೋಲ್ಟ್. 47 ಸೆಕೆಂಡ್ ಅಂದರೆ ಅದು ಖಾಲಿಯಾಗುವ ಹೊತ್ತಲ್ಲ, ಶೇ. 37ಕ್ಕೆ ಇಳಿಯುವ ಹೊತ್ತು. ಇನ್ನೂ 120 ವೋಲ್ಟ್ ಇರುತ್ತದೆ. ನಿಮ್ಮ ಒಂದು ನಿಮಿಷಕ್ಕೆ 90. ಎಷ್ಟಕ್ಕೆ ಇಳಿಯಬೇಕೋ ಆ ವೋಲ್ಟೇಜಿನಿಂದ 325ನ್ನು ಭಾಗಿಸಿ, ಅದರ ನ್ಯಾಚುರಲ್ ಲಾಗ್ ತೆಗೆದು 47ರಿಂದ ಗುಣಿಸಿ. 50 ವೋಲ್ಟಿಗೆ ಇಳಿಯಲು 88 ಸೆಕೆಂಡ್ ಬರುತ್ತದೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಶೇ. 20 ಹೆಚ್ಚು ಕಮ್ಮಿ ಇರುವುದು ಮಾಮೂಲಿ, ಅದನ್ನೂ ಸೇರಿಸಿದರೆ 105 ಸೆಕೆಂಡ್ ದಾಟುತ್ತದೆ.

ಈ ಲೆಕ್ಕ ನನಗೂ ಗೊತ್ತಿತ್ತು. ಆಗ ನಾನು ರಿಪೇರಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದೆ. ಒಂದು ಪವರ್ ಸಪ್ಲೈ ಬೋರ್ಡಿನಲ್ಲಿ ಬ್ಲೀಡರ್ ಸುಟ್ಟಿತ್ತು, ಡಬ್ಬಿಯಲ್ಲಿ ಕೈಗೆ ಸಿಕ್ಕ 100 ಕಿಲೋ ಓಮ್ ರೆಸಿಸ್ಟರ್ ಹಾಕಿ ಕಳಿಸಿದೆ. ಅರ್ಧ ವ್ಯಾಟಿನದು. ಕೆಲವು ತಿಂಗಳ ಮೇಲೆ ಅದೇ ಬೋರ್ಡ್ ವಾಪಸ್ ಬಂತು, ಸ್ಟಾರ್ಟೇ ಆಗುತ್ತಿರಲಿಲ್ಲ. ಪ್ಲಗ್ಗಿಗೆ ಹಾಕಿ ನೋಡಿದೆ, ಪ್ಲಗ್ ಕಿತ್ತೆ, ಟೀ ಕುಡಿದು ಬಂದೆ. 88 ಸೆಕೆಂಡಿಗಿಂತ ಎಷ್ಟೋ ಜಾಸ್ತಿ ಹೊತ್ತು ಕಳೆದಿತ್ತು, ಹಾಗಾಗಿ ಯೋಚನೆಯೇ ಇಲ್ಲದೆ ಬೋರ್ಡ್ ತಿರುಗಿಸಿ ಹಿಡಿದೆ. ಹೊಡೆದ ಹೊಡೆತಕ್ಕೆ ಕೈ ತಾನಾಗಿ ಹಿಂದಕ್ಕೆ ಹಾರಿ ಪೆಟ್ಟಿಗೆಯ ತಗಡಿನ ಅಂಚಿಗೆ ಬಡಿದು ಅಂಗೈ ಸೀಳಿತು.

ನಾನು ರೆಸಿಸ್ಟರಿನ ಓಮ್ ನೋಡಿದೆ, ವ್ಯಾಟ್ ನೋಡಲಿಲ್ಲ. 325ರ ವರ್ಗವನ್ನು ಒಂದು ಲಕ್ಷದಿಂದ ಭಾಗಿಸಿ: 1.06 ವ್ಯಾಟ್. ಬ್ಲೀಡರ್ ಪ್ಲಗ್ ಕಿತ್ತಾಗ ಮಾತ್ರ ಕೆಲಸ ಮಾಡುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ, ಆದರೆ ಅದು ಪ್ಲಗ್ ಹಾಕಿರುವಷ್ಟು ಹೊತ್ತೂ, ಹಗಲೂ ರಾತ್ರಿ, ಆ 1.06 ವ್ಯಾಟ್ ಶಾಖವನ್ನು ತಡೆದುಕೊಳ್ಳುತ್ತಲೇ ಇರಬೇಕು. ಅರ್ಧ ವ್ಯಾಟಿನದಕ್ಕೆ ಅದು ಎರಡು ಪಟ್ಟು ಹೊರೆ. ನಿಧಾನಕ್ಕೆ ಬೆಂದು ಒಳಗೇ ತುಂಡಾಗಿ ಓಪನ್ ಆಗಿತ್ತು. ಅದು ಓಪನ್ ಆದಮೇಲೆ ಕೆಪಾಸಿಟರ್ ಖಾಲಿಯಾಗಲು ದಾರಿಯೇ ಇಲ್ಲ, 47 ಸೆಕೆಂಡಿನ ಲೆಕ್ಕಕ್ಕೆ ಅರ್ಥವೂ ಇಲ್ಲ. ಜೊತೆಗೆ ಬೋರ್ಡನ್ನು ನಡೆಸುವ ಐಸಿಗೆ ಮೊದಲ ಕರೆಂಟ್ ಕೊಡುವ ಸ್ಟಾರ್ಟ್‌ಅಪ್ ರೆಸಿಸ್ಟರ್ ಬೇರೆ ಹೋಗಿತ್ತು, ಐಸಿ ಏಳುತ್ತಿರಲಿಲ್ಲ. ಚೆನ್ನಾಗಿ ಓಡುವ ಬೋರ್ಡಾಗಿದ್ದರೆ ಪ್ಲಗ್ ಕಿತ್ತ ಕೂಡಲೇ ಲೋಡೇ ಚಾರ್ಜನ್ನು ಎಳೆದುಕೊಳ್ಳುತ್ತಿತ್ತು. ಕೆಟ್ಟ ಬೋರ್ಡಿನಲ್ಲಿ ಎಳೆದುಕೊಳ್ಳುವವರು ಯಾರೂ ಇಲ್ಲ, ಮತ್ತು ನಮ್ಮ ಕೈಗೆ ಬರುವುದೆಲ್ಲ ಕೆಟ್ಟ ಬೋರ್ಡುಗಳೇ.

ಅದಕ್ಕೇ ಹೇಳುತ್ತೇನೆ, ಎಷ್ಟು ಹೊತ್ತು ಕಾಯಬೇಕು ಅನ್ನುವ ಪ್ರಶ್ನೆಯನ್ನೇ ಬಿಡಿ. ಆ ಲೆಕ್ಕ ಬೇಕಾಗುವುದು ಸರ್ಕ್ಯೂಟ್ ಡಿಸೈನ್ ಮಾಡುವಾಗ. ಕೈ ಹಾಕುವ ಮುಂಚೆ ಮಲ್ಟಿಮೀಟರನ್ನು ಡಿಸಿ 600 ಅಥವಾ 1000 ವೋಲ್ಟ್ ರೇಂಜಿಗಿಟ್ಟು ಕೆಪಾಸಿಟರಿನ ಎರಡು ಕಾಲಿಗೆ ಹಿಡಿಯಿರಿ, ಅಷ್ಟೇ. ಚಾರ್ಜ್ ಇದ್ದರೆ 2.2 ಕಿಲೋ ಓಮ್, 10 ವ್ಯಾಟಿನ ವೈರ್‌ವೂಂಡ್ ರೆಸಿಸ್ಟರಿಗೆ ಇನ್ಸುಲೇಶನ್ ಇರುವ ವೈರ್ ಮತ್ತು ಕ್ಲಿಪ್ ಬೆಸುಗೆ ಹಾಕಿಟ್ಟುಕೊಂಡು ಅದರಿಂದ ಇಳಿಸಿ. 5 ಸೆಕೆಂಡಿನಲ್ಲಿ ಇಳಿದುಹೋಗುತ್ತದೆ. ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡುವವರನ್ನು ನೋಡಿ ಕಲಿಯಬೇಡಿ. ತುಂಬಿದ ಕೆಪಾಸಿಟರಿನಲ್ಲಿ ಸುಮಾರು 25 ಜೂಲ್ ಶಕ್ತಿ ಇದೆ, ಬೋರ್ಡಿನ ತಾಮ್ರದ ಟ್ರ್ಯಾಕ್ ಹಾರುತ್ತದೆ, ಕಣ್ಣಿಗೂ ಕಿಡಿ ಸಿಡಿಯುತ್ತದೆ.

ನಿಮ್ಮ ಬೋರ್ಡಿಗೆ ಬ್ಲೀಡರ್ ಹಾಕುವುದಾದರೆ 100 ಕಿಲೋ ಓಮ್, 3 ವ್ಯಾಟಿನವು ಎರಡನ್ನು ಪ್ಯಾರಲಲ್ ಹಾಕಿ, ಒಂದು ಹೋದರೂ ಇನ್ನೊಂದು ಇರುತ್ತದೆ. ಕೊಳ್ಳುವಾಗ ಅದರ ವೋಲ್ಟೇಜ್ ರೇಟಿಂಗನ್ನೂ ಕೇಳಿ, ಸಣ್ಣ ರೆಸಿಸ್ಟರುಗಳು ಬಹಳಷ್ಟು 250 ವೋಲ್ಟಿನವು. ಮತ್ತೆ, ಖಾಲಿ ಮಾಡಿದ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತಿಗೆ ಕೆಲವು ವೋಲ್ಟ್ ತಾನಾಗಿ ಏರಿಕೊಳ್ಳುತ್ತದೆ, ಹಾಗಾಗಿ ಕೆಲಸ ಮುಗಿಯುವವರೆಗೆ ಆ ಕ್ಲಿಪ್ ತೆಗೆಯಬೇಡಿ.