ಜೂಜು ತಪ್ಪು ಎಂಬುದಷ್ಟೇ ಕಾನೂನಿಗೆ ಸಾಕೆ?

ಪ್ರಶ್ನೆ: ನಮ್ಮ ಕನ್ನಡ ಸಂಘದಲ್ಲಿ ಮೊನ್ನೆ ಜೋರು ವಾದ ನಡೆಯಿತು. ದುಡಿದ ದುಡ್ಡನ್ನು ಮೊಬೈಲ್ ಆಟಕ್ಕೆ ಸುರಿದರೆ ಸರ್ಕಾರಕ್ಕೇನು ಅಂದರು ಒಬ್ಬರು. ಜೂಜು ಅನೀತಿ, ಮುಚ್ಚಿಸಲೇಬೇಕು ಅಂದರು ಇನ್ನೊಬ್ಬರು. ಕಾನೂನು ಯಾರ ಕಡೆ?
– ಡೊಂಬಿವಲಿಯ ಓದುಗರು

ಉತ್ತರ: ಇಬ್ಬರ ಕಡೆಗೂ ಅರ್ಧರ್ಧ. ಇದರ ಮೂಲ ಮೊಕದ್ದಮೆ ಬೆಂಗಳೂರಿಗೂ ಮುಂಬಯಿಗೂ ಸೇರಿದ್ದು. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಪತ್ರಿಕೆ ಬಹುಮಾನದ ಪದಬಂಧ ಸ್ಪರ್ಧೆ ನಡೆಸುತ್ತಿತ್ತು. ಅದು ಆಗಿನ ಬೊಂಬಾಯಿ ರಾಜ್ಯದಲ್ಲೂ ಚೆನ್ನಾಗಿ ಖರ್ಚಾಗುತ್ತಿತ್ತು. ಆ ರಾಜ್ಯದ ಸರ್ಕಾರ ಸ್ಪರ್ಧೆಗೆ ಪರವಾನಗಿ ಬೇಕು, ತೆರಿಗೆ ಕಟ್ಟಬೇಕು ಎಂದಿತು. ಸಂಘಟಕ ಚಮಾರ್‌ಬಾಗ್‌ವಾಲಾ ಕೋರ್ಟಿಗೆ ಹೋದರು. 1957ರಲ್ಲಿ ಸುಪ್ರೀಂ ಕೋರ್ಟು, ಋಗ್ವೇದದ ಜೂಜುಕೋರನ ಗೋಳನ್ನೂ ಉಲ್ಲೇಖಿಸಿ, ಜೂಜು ವ್ಯಾಪಾರವೇ ಅಲ್ಲ, ಸಂವಿಧಾನದ 19ನೇ ವಿಧಿಯ ವ್ಯಾಪಾರ ಸ್ವಾತಂತ್ರ್ಯ ಅದಕ್ಕೆ ಸಲ್ಲದು ಎಂದಿತು. ಎರಡೇ ವರ್ಷಕ್ಕೆ, 1959ರ ಘೇರುಲಾಲ್ ಪಾರಖ್ ಪ್ರಕರಣದಲ್ಲಿ, ಪಣದ ಒಪ್ಪಂದ ಅನೂರ್ಜಿತ (ಕೋರ್ಟಿನಲ್ಲಿ ನಿಲ್ಲದು) ನಿಜ, ಆದರೆ ಕರಾರು ಕಾಯ್ದೆ ಹೇಳುವ ಅರ್ಥದಲ್ಲಿ ‘ಅನೈತಿಕ’ ಅಲ್ಲ ಎಂದಿತು ಅದೇ ಕೋರ್ಟು.

ಹಾಗಾಗಿ ನೀತಿಯ ಹೆಸರಿನಲ್ಲಿ ಸರ್ಕಾರ ಕೈ ಹಾಕಬಹುದು. ಎಷ್ಟು ಹಾಕಬೇಕು ಎಂಬುದನ್ನು ಮಾತ್ರ ನೀತಿಯಿಂದ ಅಳೆಯಲಾಗದು ಎಂಬುದು ನಮ್ಮ ಅಭಿಪ್ರಾಯ. 1969ರಿಂದ ತಾನೇ ಲಾಟರಿ ಮಾರುತ್ತಿರುವ ಮಹಾರಾಷ್ಟ್ರ ಯಾವ ಬಾಯಲ್ಲಿ ಜೂಜು ಪಾಪ ಎಂದೀತು?

ಅಳೆಯಲು ಬೇರೆ ಗಜಕೋಲು ಇದೆ, ಅದು ಬರೀ ಲೆಕ್ಕ. ನಮ್ಮೂರ ಓಸಿ ಮಟ್ಕಾ ತೆಗೆದುಕೊಳ್ಳಿ. 00ಯಿಂದ 99ರವರೆಗೆ ನೂರು ಜೋಡಿ ಅಂಕಿ. ಹೊಂದಿದರೆ ಒಂದು ರೂಪಾಯಿಗೆ ಎಂಬತ್ತು. ಅಂದರೆ ಬರೆಸಿದ ಪ್ರತಿ 100 ರೂಪಾಯಿಯಲ್ಲಿ ಸರಾಸರಿ 20 ಬುಕ್ಕಿಗೆ. ಹಗಲು ದರೋಡೆಯೇ ಸರಿ. ಆದರೆ ಅಂಕಿ ಬರುವವರೆಗೆ ಕಾಯಬೇಕು, ಚೀಟಿ ಬರೆಯುವವನ ಹತ್ತಿರ ನಡೆದು ಹೋಗಬೇಕು. ಈಗ ನೂರಕ್ಕೆ ಮೂರೇ ರೂಪಾಯಿ ಇಟ್ಟುಕೊಳ್ಳುವ ‘ಪ್ರಾಮಾಣಿಕ’ ಮೊಬೈಲ್ ಆಟ ಒಂದಿದೆ ಎಂದುಕೊಳ್ಳಿ. ಹತ್ತು ರೂಪಾಯಿಯ ಪಣ, ನಿಮಿಷಕ್ಕೆ ಹತ್ತು ಸುತ್ತು. ಗಂಟೆಗೆ 600 ಸುತ್ತು, 6,000 ರೂಪಾಯಿಯ ಪಣ, ಸರಾಸರಿ 180 ರೂಪಾಯಿ ನಷ್ಟ. ಓಸಿಯವನು ದಿನಕ್ಕೆ ನೂರು ಬರೆಸಿ 20 ಕಳೆದರೆ, ಇವನು ರಾತ್ರಿ ಐದು ಗಂಟೆ ಕೂತು 900 ಕಳೆಯುತ್ತಾನೆ. ಆಟ ನ್ಯಾಯದ್ದೇ ಆಗಿರಬಹುದು, ಜೇಬು ಖಾಲಿ ಮಾಡುವುದು ಅದರ ವೇಗ.

ಕಳೆದುದನ್ನು ಹಿಂದೆ ತರಲು ಪಣ ದುಪ್ಪಟ್ಟು ಮಾಡುವ ‘ಉಪಾಯ’ವಂತೂ ಇನ್ನೂ ಕೆಟ್ಟದ್ದು. 100, 200, 400 ಎಂದು ಹೋಗಿ ಎಂಟು ಸಲ ಸತತ ಸೋತರೆ 25,500 ಹೋಗಿರುತ್ತದೆ. ಒಂಬತ್ತನೆಯದಕ್ಕೆ 25,600 ಬೇಕು. ಅದು ಗೆದ್ದರೂ ಒಟ್ಟು ಲಾಭ ನೂರೇ ರೂಪಾಯಿ.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಆಟ ಕೌಶಲದ್ದೋ (ಹಾಗಿದ್ದರೆ ಜೂಜಲ್ಲ) ಅದೃಷ್ಟದ್ದೋ ಎಂಬ ಹಳೆಯ ಜಗಳ ಬಿಟ್ಟು, ಹಣ ಕಟ್ಟಿ ಆಡಿಸುವುದನ್ನೇ ನಿಷೇಧಿಸಿದೆ. ಆಡಿಸುವವರಿಗೆ 3 ವರ್ಷದವರೆಗೆ ಸಜೆ, 1 ಕೋಟಿಯವರೆಗೆ ದಂಡ. ಜಾಹೀರಾತಿಗೆ 2 ವರ್ಷ, 50 ಲಕ್ಷ. ಆಡುವವನಿಗೆ ಶಿಕ್ಷೆಯಿಲ್ಲ, ಅವನನ್ನು ಪಾಪಿಯೆಂದು ನೋಡದಿರುವುದು ಈ ಕಾಯ್ದೆಯ ಒಳ್ಳೆಯ ಅಂಶ. ಜೂಜು ಸಂವಿಧಾನದ ರಾಜ್ಯಪಟ್ಟಿಯ (ರಾಜ್ಯಗಳು ಕಾನೂನು ಮಾಡುವ ವಿಷಯಗಳ ಪಟ್ಟಿ) 34ನೇ ನಮೂದಿನಲ್ಲಿದೆ, ಕೇಂದ್ರಕ್ಕೆ ಈ ಅಧಿಕಾರ ಎಲ್ಲಿಂದ ಎಂಬ ತಕರಾರು ಸುಪ್ರೀಂ ಕೋರ್ಟು ಮುಟ್ಟಿದೆ. ಕರ್ನಾಟಕದ 2021ರ ಆನ್‌ಲೈನ್ ಜೂಜಿನ ನಿಷೇಧವನ್ನು ಅಲ್ಲಿನ ಹೈಕೋರ್ಟು 2022ರಲ್ಲಿ ರದ್ದು ಮಾಡಿದ್ದು ಕೌಶಲದ ಆಟವನ್ನೂ ಸೇರಿಸಿದ್ದಕ್ಕೆ ಎಂಬುದು ನೆನಪಿರಲಿ.

ಪ್ರಶ್ನೆ: ಗೋವಾದ ಮಾಂಡೋವಿ ನದಿಯಲ್ಲಿ ಕ್ಯಾಸಿನೊ ಹಡಗು ಝಗಮಗ ಅನ್ನುತ್ತಿರುವಾಗ ಮೊಬೈಲಿಗೆ ಮಾತ್ರ ನಿಷೇಧ ಯಾಕೆ?
– ವಾಸ್ಕೋದ ಓದುಗರು

ಉತ್ತರ: ಗೋವಾದ 1976ರ ಜೂಜು ಕಾಯ್ದೆಗೆ 1992ರಲ್ಲಿ ಪಂಚತಾರಾ ಹೋಟೆಲಿನ ಜೂಜು ಯಂತ್ರಗಳಿಗೆ, 1996ರಲ್ಲಿ ಹಡಗಿಗೆ ದಾರಿ ಬಿಡುವ ತಿದ್ದುಪಡಿ ಬಂತು. ಹಡಗಿಗೆ ಬಾಗಿಲಿದೆ, ವಯಸ್ಸು ಕೇಳುತ್ತಾರೆ, ಮುಗಿಸಿ ಮನೆಗೆ ಬರಬೇಕು. ಮೊಬೈಲಿಗೆ ಇದ್ಯಾವುದೂ ಇಲ್ಲ. ವೇಗದ ಲೆಕ್ಕದಲ್ಲಿ ಭೇದ ಮಾಡುವುದು ಸರಿಯೇ. ಆದರೆ 2020ರಿಂದ ಗೋವಾದವರಿಗೇ ಒಳಗೆ ಪ್ರವೇಶವಿಲ್ಲ. ತನ್ನ ಮಕ್ಕಳಿಗೆ ಬೇಡ, ಬೆಳಗಾವಿ ಹುಬ್ಬಳ್ಳಿಯವರ ಮಕ್ಕಳು ಬರಲಿ ಎಂಬುದನ್ನು ನೀತಿ ಅನ್ನಲಾದೀತೆ?

ಪ್ರಶ್ನೆ: ನನ್ನ ತಂಗಿಯ ಮಗ ಮುಲುಂಡಿನ ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತಾನೆ. ಆ್ಯಪ್ ಬಂದ್ ಆದಮೇಲೂ ಟೆಲಿಗ್ರಾಮಿನ ಯಾವುದೋ ಲಿಂಕಿನಿಂದ ಆಡುತ್ತಿದ್ದಾನೆ. ಸಾಲ ಆಗಿದೆ. ನಾನೇ ತೀರಿಸಿಬಿಡಲೆ?
– ಒಬ್ಬ ಸೋದರಮಾವ

ಉತ್ತರ: ದುಡ್ಡು ಅವನ ಕೈಗೆ ಕೊಡಬೇಡಿ. ಕೊಡುವುದಾದರೆ ಸಾಲ ಕೊಟ್ಟವರ ಖಾತೆಗೆ ನೇರ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಅದಕ್ಕೂ ಮೊದಲು ಅವನ ಕ್ರೆಡಿಟ್ ವರದಿ ತರಿಸಿ; ವರ್ಷಕ್ಕೊಮ್ಮೆ ಉಚಿತ. ಬಾಯಲ್ಲಿ ಹೇಳಿದ ಸಾಲಕ್ಕಿಂತ ಪಟ್ಟಿ ಉದ್ದ ಇರುವುದೇ ಹೆಚ್ಚು.

ಬ್ಯಾಂಕ್ ಆ್ಯಪಿನಲ್ಲಿ ಯುಪಿಐ ದಿನದ ಮಿತಿಯನ್ನು ಒಂದೆರಡು ಸಾವಿರಕ್ಕೆ ಇಳಿಸಿ. ಪಗಾರ ಬರುವ ಖಾತೆಗೆ ಯುಪಿಐ ಇರದಂತೆ ಮಾಡಿ, ವಾರದ ಖರ್ಚನ್ನು ಬೇರೆ ಖಾತೆಗೆ ಹಾಕುವುದು ಇನ್ನೂ ಒಳ್ಳೆಯದು.

ಈ ಕಳ್ಳ ಲಿಂಕುಗಳಲ್ಲಿ ಹಣ ಹೋಗುವುದು ಯಾರ್‍ಯಾರದೋ ಬಾಡಿಗೆ ಖಾತೆಗೆ. ಅದಕ್ಕೇ ಕ್ಯೂಆರ್ ಕೋಡ್ ಆಗಾಗ ಬದಲಾಗುತ್ತದೆ. ಗೆದ್ದ ಹಣವೂ ಅಂಥದೇ ಖಾತೆಯಿಂದ ಬರುತ್ತದೆ. ಅದು ಮತ್ತೊಬ್ಬರನ್ನು ವಂಚಿಸಿದ ದುಡ್ಡಾಗಿದ್ದರೆ, ಹೊರರಾಜ್ಯದ ಸೈಬರ್ ಪೊಲೀಸರ ಸೂಚನೆಯ ಮೇಲೆ ನಿಮ್ಮ ಹುಡುಗನ ಖಾತೆಯೇ ಸ್ತಂಭಿಸುತ್ತದೆ. ಕಮಿಷನ್ ಆಸೆಗೆ ಅವನು ತನ್ನ ಖಾತೆ, ಸಿಮ್ ಕೊಟ್ಟಿದ್ದಾನೆಯೇ ಎಂದು ಕೇಳಿ. ‘ಗೆದ್ದದ್ದು ತೆಗೆಯಲು ಮೊದಲು 30 ಶೇಕಡ ಟ್ಯಾಕ್ಸ್ ಕಟ್ಟಿ’ ಎಂದರೆ ಅದು ಶುದ್ಧ ಮೋಸ. ನಿಜವಾದ ತೆರಿಗೆಯನ್ನು ಗೆಲುವಿನಿಂದಲೇ ಮುರಿದುಕೊಳ್ಳುತ್ತಾರೆ. ಹಾಗೆ ಕಟ್ಟಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಹಣ ಕಳಿಸಿದ ವ್ಯವಹಾರದ 12 ಅಂಕಿಯ ಯುಟಿಆರ್ ಸಂಖ್ಯೆ ಕೊಡಿ. ಚಾಟ್ ಅಳಿಸಬೇಡಿ.

ಗಲ್ಲಾಕ್ಕೆ ಕೈ ಹಾಕಿದ್ದಾನೋ ಎಂಬುದನ್ನು ಇವತ್ತೇ ಕೇಳಿ. ನೌಕರ ಮಾಡುವ ನಂಬಿಕೆದ್ರೋಹಕ್ಕೆ ಭಾರತೀಯ ನ್ಯಾಯ ಸಂಹಿತೆಯ 316(4)ನೇ ಕಲಮಿನಲ್ಲಿ 7 ವರ್ಷದವರೆಗೆ ಶಿಕ್ಷೆಯಿದೆ. ಧಣಿ ಲೆಕ್ಕ ಹಿಡಿಯುವ ಮೊದಲೇ ನೀವು ಜೊತೆಗೆ ಹೋಗಿ ಹೇಳಿ, ಪಗಾರದಲ್ಲಿ ಮುರಿದುಕೊಳ್ಳುವ ಒಪ್ಪಂದವನ್ನು ಬರೆದುಕೊಳ್ಳಿ. ಗಲ್ಲಾ ಬಿಡಿಸಿ ಬೇರೆ ಕೆಲಸ ಕೊಡಿ ಎಂದೂ ಕೇಳಿ.

ಬಿಟ್ಟ ಮೊದಲ ದಿನಗಳಲ್ಲಿ ಸಿಡುಕು, ನಿದ್ದೆಗೇಡು ಬರಬಹುದು. ಬೈದರೆ ಕದ್ದು ಆಡುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆ ಜೂಜಿನ ಚಟವನ್ನು ಕಾಯಿಲೆಯೆಂದೇ ಪಟ್ಟಿ ಮಾಡಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಭಾಷೆ ಆರಿಸಿಕೊಳ್ಳಬಹುದು. ಊರಿಗೆ ಹೋಗುವುದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಗೀಳಿಗೆ ಚಿಕಿತ್ಸೆ ಕೊಡುವ ‘ಶಟ್’ ಕ್ಲಿನಿಕ್ ಇದೆ.

ಪ್ರಶ್ನೆ: ಬೆಟ್ಟಿಂಗಿಗೆ ಎಂದು ಗೊತ್ತಿದ್ದೂ ಗೆಳೆಯನಿಗೆ 60,000 ಕೊಟ್ಟೆ. ಕೋರ್ಟಿನಲ್ಲಿ ವಸೂಲಾದೀತೆ?
– ಪುಣೆಯ ಓದುಗರು

ಉತ್ತರ: ಬಹಳ ಕಷ್ಟ. ಹಳೆಯ ಮುಂಬಯಿ ಪ್ರಾಂತ್ಯದಲ್ಲಿ 1865ರ ಕಾಯ್ದೆಯ ಪ್ರಕಾರ ಪಣವಷ್ಟೇ ಅಲ್ಲ, ಪಣಕ್ಕೆ ನೆರವಾಗಲು ಮಾಡಿದ ಒಪ್ಪಂದವೂ ಅನೂರ್ಜಿತ. ‘ಗೊತ್ತಿದ್ದೂ’ ಎಂಬ ಆ ಒಂದು ಮಾತೇ ನಿಮಗೆ ತೊಡಕು. ವಕೀಲರ ನೋಟಿಸಿಗೆ ದುಡ್ಡು ಸುರಿಯುವ ಬದಲು ಅವನ ಮನೆಯವರೊಂದಿಗೆ ಕೂತು ಮಾತನಾಡಿ, ಕಂತು ಮಾಡಿಕೊಳ್ಳಿ.