ಬಳೆ ಅಡವಿಟ್ಟು ವಂಡರ್‌ಲಾಗೆ ಹೋಗಬೇಕೇ?

ಪ್ರಶ್ನೆ: ನಾನು ಮಂಡ್ಯ ಸಮೀಪದ ಹಳ್ಳಿಯವಳು. ಪತಿ ಕಬ್ಬು ಬೆಳೆಗಾರರು, ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಬೇಸಿಗೆ ರಜೆಯಲ್ಲಿ ಎರಡೂ ಕುಟುಂಬಗಳು ಬಿಡದಿಯ ವಂಡರ್‌ಲಾಗೆ ಹೋಗಿ ಅಲ್ಲಿನ ರೆಸಾರ್ಟಿನಲ್ಲಿ ಒಂದು ರಾತ್ರಿ ತಂಗೋಣ, ಖರ್ಚನ್ನು ತಲಾವಾರು ಹಂಚಿಕೊಳ್ಳೋಣ ಎಂದು ಬೆಂಗಳೂರಿನ ಭಾವನವರು (ಪತಿಯ ಅಣ್ಣ) ಹೇಳಿದ್ದಾರೆ. ಅವರು ನಾಲ್ವರು. ನಾವು, ಹನ್ನೆರಡು ವರ್ಷದ ಮಗ, ಐದು ವರ್ಷದ ಮಗಳು ಮತ್ತು ನಮ್ಮೊಂದಿಗಿರುವ ಅತ್ತೆ ಸೇರಿ ಐವರು. ನಮ್ಮ ಪಾಲು 30 ಸಾವಿರ ದಾಟುತ್ತದೆ. ಕಬ್ಬಿನ ಹಣ ಬಂದಿಲ್ಲ. ಸಂಘದ ಉಳಿತಾಯ 12 ಸಾವಿರ ಮಾತ್ರ ಇದೆ. ಬಳೆ ಅಡವಿಡೋಣ ಎನ್ನುತ್ತಾರೆ ಪತಿ. ಮಕ್ಕಳಿಗೆ ಮಾತು ಕೊಟ್ಟಾಗಿದೆ. ಏನು ಮಾಡಲಿ?

ಉತ್ತರ: ಬಳೆಯನ್ನು ಅಡವಿಡಬೇಡಿ, ಆದರೆ ಪ್ರವಾಸವನ್ನೂ ಕೈಬಿಡಬೇಡಿ. ನಿಮ್ಮ ಪತ್ರದಲ್ಲಿ ಎರಡು ಖರ್ಚುಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಒಂದು ಮಕ್ಕಳ ಆಟದ್ದು, ಇನ್ನೊಂದು ಅಣ್ಣನೆದುರು ತಲೆ ತಗ್ಗಿಸಬಾರದೆಂಬ ತಮ್ಮನ ಮರ್ಯಾದೆಯದು. ಮೊದಲನೆಯದಕ್ಕೆ ನಿಮ್ಮ 12 ಸಾವಿರ ಸಾಕಾಗಬಹುದು. ಎರಡನೆಯದಕ್ಕೆ 30 ಸಾವಿರವೂ ಸಾಲದು. ಮುಂದಿನ ವರ್ಷ ಅವರು ಇನ್ನೂ ದೂರದ ಊರಿನ ಹೆಸರು ಹೇಳಿದರೆ ಅಡವಿಡಲು ಏನಿರುತ್ತದೆ? ಕಬ್ಬು ಪೂರೈಸಿದ ಹದಿನಾಲ್ಕು ದಿನಗಳೊಳಗೆ ಹಣ ಪಾವತಿಯಾಗಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆಯಾದರೂ, ಆ ಲೆಕ್ಕವನ್ನು ನಂಬಿ ಬಡ್ಡಿಯ ಸಾಲ ಮಾಡಿ ಎಂದು ಮಂಡ್ಯದ ರೈತ ಕುಟುಂಬಕ್ಕೆ ಸಲಹೆ ಕೊಡುವ ಧೈರ್ಯ ನನಗಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಹೊಲಿಗೆಯ ಟೇಪು ನಿಮ್ಮ ಮನೆಯಲ್ಲೇ ಇರುವುದರಿಂದ ಮೊದಲು ಇಬ್ಬರು ಮಕ್ಕಳನ್ನೂ ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ ಅಳೆಯಿರಿ. ಅಲ್ಲಿ ಮಕ್ಕಳ ಟಿಕೆಟ್ ನಿರ್ಧಾರವಾಗುವುದು ವಯಸ್ಸಿನಿಂದಲ್ಲ, ಎತ್ತರದಿಂದ: 85 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಉಚಿತ, 140ರವರೆಗೆ ಮಕ್ಕಳ ದರ, ಅದಕ್ಕೆ ಮೇಲ್ಪಟ್ಟರೆ ದೊಡ್ಡವರ ದರ. ನಿಮ್ಮ ಮಗ ಈ ವರ್ಷ ಒಮ್ಮೆಲೇ ಬೆಳೆದಿದ್ದರೆ ಅವನಿಗೆ ದೊಡ್ಡವರ ಟಿಕೆಟ್ಟೇ ಬೇಕಾದೀತು. ಮಗಳಿಗೆ ಮಕ್ಕಳ ಟಿಕೆಟ್ ಕೊಂಡರೂ ಎತ್ತರ ಸಾಲದೆ ದೊಡ್ಡ ರೋಲರ್ ಕೋಸ್ಟರುಗಳಿಗೆ ಅವಳನ್ನು ಹತ್ತಿಸುವುದಿಲ್ಲ. ಇದನ್ನು ಅವಳಿಗೆ ಮನೆಯಲ್ಲೇ ತಿಳಿಸಿ, ಅವಳೊಡನೆ ಕೆಳಗೆ ಉಳಿಯುವವರು ಯಾರು ಯಾರು, ಯಾವ ಸರದಿಯಲ್ಲಿ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಿ. ಇಲ್ಲವಾದರೆ ಆ ಸರದಿ ದಿನವಿಡೀ ನಿಮ್ಮದೇ ಆಗುತ್ತದೆ.

ಟಿಕೆಟ್ ದರ ದಿನದಿಂದ ದಿನಕ್ಕೆ ಬದಲಾಗುತ್ತದೆ. ವಾರಾಂತ್ಯ ಮತ್ತು ರಜಾದಿನಗಳಲ್ಲಿ ಹೆಚ್ಚು. ಶಾಲೆಗೆ ರಜೆಯಿರುವಾಗ ಮಂಗಳವಾರವೋ ಬುಧವಾರವೋ ಹೋಗುವುದು ನಿಮಗೆ ಸಾಧ್ಯ, ನೌಕರಿಯಲ್ಲಿರುವ ಭಾವನವರು ಒಂದು ದಿನ ರಜೆ ಹಾಕಬೇಕಾಗಬಹುದು, ಕೇಳುವುದರಲ್ಲಿ ತಪ್ಪಿಲ್ಲ. ಜಾಲತಾಣದಲ್ಲಿ ಕಾಣುವ ಮೊತ್ತಕ್ಕೆ ಜಿಎಸ್‌ಟಿ ಸೇರಿದೆಯೇ ಎಂದು ನೋಡಿಯೇ ಹಣ ಕಟ್ಟಿ. ಹೊರಗಿನ ಊಟ ಒಳಗೆ ಬಿಡುವುದಿಲ್ಲವಾದ್ದರಿಂದ ಮಧ್ಯಾಹ್ನದ ಊಟಕ್ಕೆ ಬೇರೆ ಹಣ ತೆಗೆದಿಡಿ. ನೀರಿನಾಟಕ್ಕೆ ಹತ್ತಿಬಟ್ಟೆ ನಡೆಯುವುದಿಲ್ಲ. ನೈಲಾನ್ ಉಡುಪನ್ನು ಮಂಡ್ಯದಲ್ಲೇ ಚೌಕಾಸಿ ಮಾಡಿ ಕೊಳ್ಳಿ. ಬಜೆಟ್ ಹರಿದುಹೋಗುವುದು ಟಿಕೆಟ್ಟಿನಿಂದಲ್ಲ, ಲಾಕರು, ಫೋಟೋ, ಐಸ್‌ಕ್ರೀಮುಗಳಿಂದ. ಆದ್ದರಿಂದ ಮಗನ ಕೈಗೇ ಒಂದು ಮೊತ್ತ ಕೊಟ್ಟು, ತಂಗಿಗೂ ಸೇರಿಸಿ ಇಷ್ಟೇ ಎಂದುಬಿಡಿ.

ರೆಸಾರ್ಟಿನ ರಾತ್ರಿ ನಿಮಗೆ ಬೇಕಿಲ್ಲ. ಮಂಡ್ಯದಿಂದ ಬಿಡದಿ ಸುಮಾರು 65 ಕಿಲೋಮೀಟರ್. ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರುವ ದೂರ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ನಿಮಗೂ ಅತ್ತೆಯವರಿಗೂ ಟಿಕೆಟ್ ಖರ್ಚಿಲ್ಲ, ಗುರುತಿನ ಚೀಟಿ ಇಟ್ಟುಕೊಂಡರಾಯಿತು. ಎಕ್ಸ್‌ಪ್ರೆಸ್‌ವೇ ಮೇಲೆ ತಡೆರಹಿತವಾಗಿ ಹೋಗುವ ಬಸ್ಸನ್ನು ಮಾತ್ರ ಹತ್ತಬೇಡಿ, ಬಿಡದಿಯಲ್ಲಿ ನಿಲ್ಲುವುದೇ ಎಂದು ಕೇಳಿ ಹತ್ತಿ. ಪ್ಯಾಸೆಂಜರ್ ರೈಲೂ ಅಲ್ಲಿ ನಿಲ್ಲುತ್ತದೆ. ಇಳಿದ ಮೇಲೆ ತಟ್ಟೆ ಇಡ್ಲಿ ತಿಂದು ಹೊಟ್ಟೆ ತುಂಬಿಸಿಕೊಂಡೇ ಒಳಗೆ ಹೋಗಿ. ಅದು ರುಚಿಗೂ ಹೌದು, ಉಳಿತಾಯಕ್ಕೂ ಹೌದು.

ಅತ್ತೆಯವರ ವಿಷಯದಲ್ಲಿ ನನಗೊಂದು ಅನುಮಾನ. ಅವರಿಗೆ ಬರುವ ಮನಸ್ಸಿದೆಯೇ ಎಂದು ಯಾರಾದರೂ ಕೇಳಿದ್ದೀರಾ? ಯಾವ ಆಟವನ್ನೂ ಆಡದೆ ನೆರಳಿನಲ್ಲಿ ಕುಳಿತರೂ ಒಳಗೆ ಹೋಗಲು ಟಿಕೆಟ್ ಬೇಕು. ದಸರಾ ವೇಳೆಗೆ ಮೈಸೂರಿನ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನಕ್ಕೆ ಅವರನ್ನು ಮೊಮ್ಮಗಳೊಡನೆ ಕರೆದೊಯ್ದರೆ ಹೆಚ್ಚು ಹಿಗ್ಗಿಯಾರು. ಬರುತ್ತೇನೆಂದರೆ ಸಂತೋಷವೇ, ಆದರೆ ಅವರು ಇಬ್ಬರು ಮಕ್ಕಳ ತಾಯಿ, ಅವರ ಖರ್ಚು ನಿಮ್ಮ ಐದು ತಲೆಗಳಲ್ಲಿ ಒಂದಾಗುವುದು ನ್ಯಾಯವಲ್ಲ, ಎರಡು ಮನೆಗೂ ಸಮನಾಗಿ ಹಂಚಬೇಕು.

ಈ ಮಾತನ್ನು ಭಾವನವರಿಗೆ ಹೇಳಬೇಕಾದವರು ನೀವಲ್ಲ, ನಿಮ್ಮ ಪತಿ. ನೀವು ಹೇಳಿದರೆ ಅದು ಓರಗಿತ್ತಿಯರ ಜಗಳವಾಗಿ ಊರು ಸುತ್ತುತ್ತದೆ. ಅವರು ಇಷ್ಟು ಹೇಳಿದರೆ ಸಾಕು: "ಅಣ್ಣಾ, ಕಬ್ಬಿನ ದುಡ್ಡು ಬಂದಿಲ್ಲ. ಈ ಸಲ ನಮ್ಮ ಕೈಲಿರೋದು ಹನ್ನೆರಡು ಸಾವಿರ. ಬೆಳಿಗ್ಗೆ ಗೇಟಿನ ಹತ್ತಿರ ಸಿಗ್ತೀವಿ, ದಿನಪೂರ್ತಿ ಜೊತೇಲಿರ್ತೀವಿ, ಸಂಜೆ ಊರಿಗೆ ಹೊರಡ್ತೀವಿ. ನೀವು ತಂಗೋದಾದರೆ ತಂಗಿ." ಕಾರಣ ಕೃತಕವಲ್ಲವಾದ್ದರಿಂದ ಹೇಳಲು ನಾಲಿಗೆ ತೊದಲದು, ಅದೇ ಹೊಲದ ಕಬ್ಬಿನಿಂದ ಬೆಳೆದ ಅಣ್ಣನಿಗೆ ಅದು ಅರ್ಥವಾಗದೆಯೂ ಇರದು. ಪತಿ ಹಿಂಜರಿದರೆ ಒತ್ತಾಯಿಸದೆ, ಲೆಕ್ಕ ಬರೆದ ಹಾಳೆಯನ್ನು ಅವರ ಮುಂದಿಟ್ಟು ಒಂದೆರಡು ದಿನ ಬಿಡಿ.

ಬಳೆ ಕೈಯಲ್ಲೇ ಇರಲಿ. ನೀರಿಗಿಳಿಯುವ ಆ ಒಂದು ದಿನ ಮಾತ್ರ ಅದನ್ನು ಬಿಚ್ಚಿ, ಮನೆಯ ಬೀರುವಿನಲ್ಲಿಟ್ಟು ಬೀಗ ಹಾಕಿ ಹೊರಡಿ.