‘ತುಂಬಾ ಚೆನ್ನಾಗಿದೆ’ ಎಂದಷ್ಟೇ ಬರೆದು ಬಂದ ಅಕ್ಕನಿಗೆ

ಅಕ್ಕಾ, ಶಿವಮೊಗ್ಗದ ಕಲಾಪ್ರದರ್ಶನದಲ್ಲಿ ದಾರಕ್ಕೆ ತೂಗುಬಿಟ್ಟ ಅಡಿಕೆ ಹಾಳೆಗಳ ಮುಂದೆ ಹತ್ತು ನಿಮಿಷ ನಿಂತರೂ ಏನೂ ಹೊಳೆಯಲಿಲ್ಲ, ಅಭಿಪ್ರಾಯ ಪುಸ್ತಕದಲ್ಲಿ ‘ತುಂಬಾ ಚೆನ್ನಾಗಿದೆ’ ಎಂದು ಬರೆದು ಬಂದೆ ಎಂದಿದ್ದೀರಿ. ಇಂಥದ್ದಕ್ಕೆ ನಮ್ಮಂಥವರು ಏನು ಹೇಳಬೇಕು ಎಂದು ಕೇಳಿದ್ದೀರಿ. ಹತ್ತು ನಿಮಿಷ ನಿಂತಿರಲ್ಲ, ಅದೇ ದೊಡ್ಡದು. ಬಹಳ ಜನ ಫೋಟೊ ತೆಗೆದು ಮುಂದೆ ಸಾಗುತ್ತಾರೆ.

ಅರ್ಥವನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಕಂಡದ್ದನ್ನು ಮೊದಲು ಹೇಳಿಕೊಳ್ಳಿ. ಹಾಳೆಯ ನುಣುಪಾದ ಒಳಮೈ ನಮ್ಮ ಕಡೆಗಿತ್ತೋ, ಹೊರಮೈಯೋ? ಅಂಚು ಒಣಗಿ ಸುರುಳಿಯಾಗಿತ್ತೋ, ನೀರಿನಲ್ಲಿ ನೆನೆಸಿ ಬಿಡಿಸಿದ್ದರೋ? ಬೂಷ್ಟು ಹಿಡಿದ ಕಪ್ಪು ಚುಕ್ಕೆಗಳನ್ನು ಹಾಗೆಯೇ ಉಳಿಸಿದ್ದರೋ? ತೋಟದಲ್ಲಿ ದಿನವೂ ಹಾಳೆ ಹೆಕ್ಕುವ ನಿಮ್ಮ ಕಣ್ಣಿಗೆ ಇವು ಬೀಳದೆ ಇರುವುದಿಲ್ಲ. ಕಲಾವಿದರು ಯಾವುದನ್ನು ತಿದ್ದಿದರು, ಯಾವುದನ್ನು ಇದ್ದಂತೆ ಬಿಟ್ಟರು ಎಂಬುದರಿಂದಲೇ ಮಾತು ಹುಟ್ಟುತ್ತದೆ.

ಎರಡನೆಯದು, ಕಲಾವಿದರು ಅಲ್ಲೇ ಇದ್ದರೆ ‘ಇದರ ಅರ್ಥ ಏನು’ ಎಂದು ಕೇಳುವುದಕ್ಕಿಂತ ‘ಇದನ್ನು ಹೇಗೆ ಮಾಡಿದಿರಿ’ ಎಂದು ಕೇಳಿ. ಕೆಲವು ವರ್ಷಗಳ ಹಿಂದೆ ಒಂದು ಪ್ರದರ್ಶನದಲ್ಲಿ ಅಂಗೈ ಅಗಲದ ಎಚ್ಚಿಂಗ್ ಮುದ್ರಣ ನೋಡಿದೆ, ಎಂದರೆ ಲೋಹದ ತಗಡಿನಲ್ಲಿ ಗೆರೆ ಕೊರೆದು, ಮಸಿ ತುಂಬಿ ಕಾಗದಕ್ಕೆ ಒತ್ತಿ ತೆಗೆದ ಚಿತ್ರ. ಕೆಳಗೆ ಪೆನ್ಸಿಲ್‌ನಲ್ಲಿ 3/10 ಎಂದಿತ್ತು, ಎಂದರೆ ಹತ್ತು ಪ್ರತಿಗಳಲ್ಲಿ ಮೂರನೆಯದು. ಗೆರೆಗಳು ಒರಟಾಗಿದ್ದವು, ಮರಳು ಚೆಲ್ಲಿದ ಹಾಗೆ. ಹೇಗೆ ಬಂತು ಎಂದು ಕೇಳಿದೆ. ಸತುವಿನ ತಗಡಿಗೆ ಮೇಣದ ಲೇಪ ಕೊಟ್ಟು, ಸೂಜಿಯಿಂದ ಗೀರಿ, ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರಿನಲ್ಲಿ ಮುಳುಗಿಸಿದ್ದೆ ಎಂದರು ಆ ಕಲಾವಿದೆ. ಗೀರಿದಲ್ಲಿ ಸತು ಕರಗಿ ನೀರಿಗೆ ಹೋಗುತ್ತದೆ, ನೀರಿನಲ್ಲಿದ್ದ ತಾಮ್ರ ಕೆಂಗಂದು ಗಷ್ಟಾಗಿ ಹೊರಬರುತ್ತದೆ.

ನನಗೆ ಮೈ ಜುಮ್ಮೆಂದಿತು. ಅಡಿಕೆಯ ಕೊಳೆ ರೋಗಕ್ಕೆಂದು ಪ್ರತಿ ಮಳೆಗಾಲ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಹಾಕಿ ಸಿಂಪಡಿಸುವ ಬೋರ್ಡೋ ದ್ರಾವಣ ಕಲಸುವವನು ನಾನು. ಹದ ನೋಡಲು ಕತ್ತಿಯ ತುದಿ ಅದ್ದುತ್ತೇವಲ್ಲ, ಕಬ್ಬಿಣಕ್ಕೆ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದು? ಆ ಕೆಂಪೂ ತಾಮ್ರವೇ. ನಾವು ಸುಣ್ಣ ಹಾಕಿ ತಡೆಯುವ ಕೆಲಸವನ್ನು ಅವರು ಬೇಕೆಂದೇ ಮಾಡಿಸಿ ಚಿತ್ರ ತೆಗೆದಿದ್ದರು. ಕತ್ತಿಯ ಮಾತು ಹೇಳಿದಾಗ ಅವರು ತಮ್ಮ ಟಿಪ್ಪಣಿ ಪುಸ್ತಕ ತೆಗೆದು ಬರೆದುಕೊಂಡರು. ಆ ದಿನದಿಂದ ಗ್ಯಾಲರಿಯ ಒಳಗೆ ನನಗೆ ಅಂಜಿಕೆ ಇಲ್ಲ.

ಆಕಾರ ಗುರುತು ಸಿಗುವುದಿಲ್ಲ ಎಂಬ ಅಳುಕೂ ಬೇಡ. ಮಲೆನಾಡಿನ ದೀವರ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರದಲ್ಲಿ ಮದುಮಕ್ಕಳು ಬರೀ ಗೆರೆ, ತ್ರಿಕೋನಗಳಲ್ಲಿ ನಿಂತಿರುತ್ತಾರೆ. ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ ಎಳೆದ ಆ ಬಿಳಿ ಗೆರೆಗಳ ಮುಂದೆ ನಾವು ಎಂದೂ ತಬ್ಬಿಬ್ಬಾಗಿಲ್ಲ. ಕುಪ್ಪಳಿಯ ಕವಿಶೈಲದ ಕಲ್ಲುಗಳನ್ನು ವಿನ್ಯಾಸ ಮಾಡಿದವರು ಕಲಾವಿದ ಕೆ.ಟಿ. ಶಿವಪ್ರಸಾದ್. ಅಲ್ಲಿಗೆ ಹೋದವರು ಅರ್ಥ ಕೇಳುವುದಿಲ್ಲ, ಕಲ್ಲುಗಳ ನಡುವೆ ಸುತ್ತಾಡಿ ಸಂಜೆಯ ಬೆಳಕು ನೋಡುತ್ತಾರೆ. ತೂಗುವ ಹಾಳೆಗಳ ನಡುವೆಯೂ ಹಾಗೆ ಸುತ್ತಾಡಬಹುದು, ಆದರೆ ಕೇಳದೆ ಮುಟ್ಟಬೇಡಿ.

ಅಭಿಪ್ರಾಯ ಪುಸ್ತಕದಲ್ಲಿ ಒಂದೇ ಕೃತಿಯ ಬಗ್ಗೆ, ಒಂದೇ ವಿವರ ಹಿಡಿದು ಬರೆಯಿರಿ. ‘ಎಡ ಮೂಲೆಯ ಹಾಳೆಗೆ ಗಾಳಿ ತಾಗಿ ಸದ್ದಾದಾಗ ನಮ್ಮ ಅಂಗಳ ನೆನಪಾಯಿತು’ ಎಂದರೂ ಸಾಕು. ಹಿಡಿಸದಿದ್ದರೆ ಅದನ್ನೂ ಕಾರಣ ಕೊಟ್ಟು ಬರೆಯಿರಿ: ಬೆಳಕು ಸಾಲದು, ದಾರ ಕಣ್ಣಿಗೆ ಹೊಡೆಯುತ್ತದೆ, ಹಾಳೆಗೆ ಬಣ್ಣ ಬಳಿದದ್ದು ಬೇಕಿರಲಿಲ್ಲ. ಬೇಸರವಾದೀತೆಂದು ಹಿಂಜರಿಯಬೇಡಿ. ತಿಂಗಳುಗಟ್ಟಲೆ ದುಡಿದವರಿಗೆ ಬರೀ ಹೊಗಳಿಕೆಗಿಂತ ಅಂಥ ಒಂದು ಸಾಲು ಹೆಚ್ಚು ಬೇಕಾಗಿರುತ್ತದೆ.

ಪ್ರದರ್ಶನ ಇನ್ನೂ ಮುಗಿದಿಲ್ಲವಾದರೆ ಮತ್ತೊಮ್ಮೆ ಹೋಗಿ ಬನ್ನಿ. ಹಾಳೆಗಳ ಒಳಮೈ ಯಾವ ಕಡೆಗಿತ್ತು ಎಂದು ಇಲ್ಲಿ ತಿಳಿಸಿ, ನಾನು ಕಾಯುತ್ತಿರುತ್ತೇನೆ.